ಹಳೆಯ ಸ್ಪೋರ್ಟ್ಸ್ ಕಾರು: ಬೆಲೆ ಕೇಳುವ ಮುನ್ನ ಇತಿಹಾಸ ಕೇಳಿ

ಹೊಸಪೇಟೆ: ಅದಿರಿನ ಹಣ ಹರಿದಾಡಿದ ದಿನಗಳಲ್ಲಿ ಹೊಸಪೇಟೆ, ಸಂಡೂರು, ಬಳ್ಳಾರಿಯ ರಸ್ತೆಗಳಲ್ಲಿ ಟಿಪ್ಪರ್‌ಗಳ ಸಾಲಿನ ನಡುವೆಯೇ ಕೋಟಿ ಬೆಲೆಯ ವಿದೇಶಿ ಕಾರುಗಳು ಓಡಾಡಿದ್ದನ್ನು ಈ ಭಾಗದ ಜನ ಕಂಡಿದ್ದಾರೆ. ಚೀನಾದ ಉಕ್ಕಿನ ಹಸಿವು 2000ದ ದಶಕದ ಮಧ್ಯಭಾಗದಲ್ಲಿ ಅದಿರಿನ ಬೆಲೆಯನ್ನು ಮೇಲಕ್ಕೇರಿಸಿತು. ಅದರ ಲಾಭ ಕೆಲವರ ಅಂಗಳದಲ್ಲಿ ಕಾರುಗಳಾಗಿ ನಿಂತಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಕುರಿತ ವರದಿ ಸಲ್ಲಿಸಿದರು. ಎರಡೇ ದಿನಗಳಲ್ಲಿ, ಅಂದರೆ ಜುಲೈ 29ರಂದು, ಸುಪ್ರೀಂ ಕೋರ್ಟ್ ಅಂದಿನ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. ಸಾಲದ ಮೇಲೆ ಕೊಂಡ ಟಿಪ್ಪರ್‌ಗಳು ನಿಂತಲ್ಲೇ ನಿಂತವು. ಷೋಕಿಗೆ ಕೊಂಡ ಕಾರುಗಳು ಒಂದೊಂದಾಗಿ ಕೈ ಬದಲಾಯಿಸತೊಡಗಿದವು.

ಆ ಕಾಲದ ಕಾರುಗಳಿಗೆ ಈಗ ಹದಿನೈದು ವರ್ಷ ದಾಟಿದೆ. ಅವುಗಳ ಜೊತೆಗೆ ಬೆಂಗಳೂರು, ಹೈದರಾಬಾದ್, ಮುಂಬೈಯಿಂದ ಬರುವ ಎರಡನೇ, ಮೂರನೇ ಕೈಯ ಪೋರ್ಷೆ, ಆಡಿ, ಬಿಎಂಡಬ್ಲ್ಯು ಸ್ಪೋರ್ಟ್ಸ್ ಕಾರುಗಳೂ ಮಾರಾಟಕ್ಕಿವೆ. ಹೊಸ ಎಸ್‌ಯುವಿಯ ಬೆಲೆಗೆ ಹಳೆಯ ಸ್ಪೋರ್ಟ್ಸ್ ಕಾರು ಸಿಗುತ್ತದೆ ಎಂದಾಗ ಆಸೆಪಡುವ ಯುವಕರು ಸಣ್ಣ ಊರುಗಳಲ್ಲೂ ಇದ್ದಾರೆ. ಆದರೆ ಹಳತಾದಂತೆ ಇಳಿಯುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗ ಮತ್ತು ದುರಸ್ತಿಯ ದರ ಇಳಿಯುವುದಿಲ್ಲ. ಅದರ ಹಿಂದಿನ ಬಾಕಿ, ಸಾಲ, ಮೊಕದ್ದಮೆಗಳೂ ಕಾರಿನ ಜೊತೆಯಲ್ಲೇ ಬರುತ್ತವೆ. ಆದ್ದರಿಂದ ಇಂಥ ಕಾರಿನ ಪರೀಕ್ಷೆ ಎಂಜಿನ್‌ನಿಂದಲ್ಲ, ಕಾಗದದಿಂದ ಆರಂಭವಾಗಬೇಕು.

ಮೊದಲು ಆರ್.ಸಿ. ಓದಿ

ನೋಂದಣಿ ಪ್ರಮಾಣಪತ್ರದ ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ಓದಬೇಕು. ಮೊಬೈಲ್‌ನಲ್ಲಿ ಕಳುಹಿಸಿದ ಚಿತ್ರವನ್ನು ನಂಬಬಾರದು. ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿದರೆ ಕಾರು ಎಷ್ಟನೇ ಮಾಲೀಕರ ಬಳಿ ಇದೆ, ಸಾಲ ಕೊಟ್ಟ ಸಂಸ್ಥೆ ಯಾವುದು, ವಿಮೆ ಯಾವಾಗ ಮುಗಿಯುತ್ತದೆ, ಕಪ್ಪುಪಟ್ಟಿಯಲ್ಲಿದೆಯೇ ಎಂಬ ವಿವರಗಳು ದೊರೆಯುತ್ತವೆ. ಅಲ್ಲಿರುವ ವಿವರ ಮತ್ತು ಮಾರುವವರ ಮಾತು ಒಂದೇ ಆಗಿರಬೇಕು. ಮಾರುವವರ ಹೆಸರೇ ಆರ್.ಸಿ.ಯಲ್ಲಿ ಇಲ್ಲದಿದ್ದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಲೇಸು.

ನಂತರ ಚಾಸಿ ಸಂಖ್ಯೆ. ಇದರಲ್ಲಿ ಹದಿನೇಳು ಅಕ್ಷರ ಮತ್ತು ಅಂಕಿಗಳಿರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅಂಕಿಗಳೊಂದಿಗೆ ಗೊಂದಲವಾಗದಿರಲೆಂದು ಎಂದೂ ಬಳಸುವುದಿಲ್ಲ. ಇವುಗಳಲ್ಲಿ ಒಂದಾದರೂ ಕಂಡರೆ ಸಂಖ್ಯೆ ನಕಲಿ ಅಥವಾ ತಪ್ಪಾಗಿ ದಾಖಲಾಗಿದೆ ಎಂದರ್ಥ. ಮುಂಗಾಜಿನ ಕೆಳಗೆ, ಬಾಗಿಲಿನ ಚೌಕಟ್ಟಿನಲ್ಲಿ ಮತ್ತು ಚಾಸಿಯ ಲೋಹದ ಮೇಲೆ ಇರುವ ಸಂಖ್ಯೆಗಳು ಪರಸ್ಪರ ತಾಳೆಯಾಗಬೇಕು. ಅಕ್ಷರಗಳ ಸುತ್ತ ಉಜ್ಜಿದ ಗುರುತು, ಹೊಸ ಬಣ್ಣ, ಬೆಸುಗೆಯ ಗೆರೆ ಕಂಡರೆ ಎಚ್ಚರಿಕೆ ಅಗತ್ಯ.

ಇದು ಅತಿಯಾದ ಶಂಕೆಯಲ್ಲ. ಭಾರತದ್ದೇ ಸ್ಪೋರ್ಟ್ಸ್ ಕಾರು ಎಂದು ಹೆಸರಾದ ಡಿಸಿ ಅವಂತಿಗೆ ಸಂಬಂಧಿಸಿದಂತೆ 2020ರ ಡಿಸೆಂಬರ್‌ನಲ್ಲಿ ಮುಂಬೈ ಪೊಲೀಸರು ದಾಖಲಿಸಿದ ಪ್ರಕರಣದಲ್ಲಿ ಇದ್ದದ್ದು ಇಂಥದೇ ಆರೋಪ. ಒಂದೇ ಎಂಜಿನ್ ಮತ್ತು ಚಾಸಿ ಸಂಖ್ಯೆಯಲ್ಲಿ ಒಂದಕ್ಕಿಂತ ಹೆಚ್ಚು ನೋಂದಣಿ, ಒಂದೇ ಕಾರಿನ ಮೇಲೆ ಒಂದಕ್ಕಿಂತ ಹೆಚ್ಚು ಸಾಲ ನಡೆದಿದೆ ಎಂದು ಪೊಲೀಸರು ಹೇಳಿದ್ದರು.

ಸಾಲ ತೀರಿದ್ದರೆ ಬ್ಯಾಂಕಿನ ಪತ್ರದ ಜೊತೆಗೆ ನಮೂನೆ 35 ಇರಬೇಕು. ಅದನ್ನು ಸಾರಿಗೆ ಕಚೇರಿಗೆ ಸಲ್ಲಿಸಿ ಆರ್.ಸಿ.ಯಿಂದ ಸಾಲದ ನಮೂದನ್ನು ತೆಗೆಸಿದ ಮೇಲಷ್ಟೇ ಕಾರು ಋಣಮುಕ್ತ. 'ಸಾಲ ಮುಗಿದಿದೆ, ಪತ್ರ ಆಮೇಲೆ ಬರುತ್ತದೆ' ಎಂಬ ಭರವಸೆಯ ಮೇಲೆ ಮುಂಗಡ ಕೊಡಬಾರದು.

ಹೊರರಾಜ್ಯದ ಸಂಖ್ಯೆಯ ಆಕರ್ಷಣೆ

ಹೊಸಪೇಟೆಯ ನೋಂದಣಿ ಕೆಎ-35, ಬಳ್ಳಾರಿಯದು ಕೆಎ-34. ಆದರೆ ಮಾರಾಟಕ್ಕೆ ಬರುವ ದುಬಾರಿ ಕಾರುಗಳಲ್ಲಿ ಪುದುಚೇರಿ, ಮಹಾರಾಷ್ಟ್ರ ಮೊದಲಾದ ಕಡೆಯ ಸಂಖ್ಯೆಗಳೂ ಇರುತ್ತವೆ. ಕಾರಣ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೂ ಹೆಚ್ಚು ಬೆಲೆಯ ಪೆಟ್ರೋಲ್ ಕಾರಿಗೆ ಶೇ 18ರಷ್ಟು ಜೀವಾವಧಿ ತೆರಿಗೆ ಇದ್ದು, ಅದರ ಮೇಲೆ ಉಪಕರವೂ ಸೇರುತ್ತದೆ. ಇದನ್ನು ತಪ್ಪಿಸಲೆಂದೇ ಕೆಲವರು ತೆರಿಗೆ ಕಡಿಮೆ ಇರುವ ಕಡೆ ನೋಂದಣಿ ಮಾಡಿಸುತ್ತಾರೆ.

ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಪ್ರಕಾರ, ಒಂದು ರಾಜ್ಯದ ವಾಹನವನ್ನು ಮತ್ತೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕು. 2025ರ ಫೆಬ್ರುವರಿಯಲ್ಲಿ ರಾಜ್ಯ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಕಾರ್ಯಾಚರಣೆ ನಡೆಸಿ, ತೆರಿಗೆ ಕಟ್ಟದೆ ಓಡುತ್ತಿದ್ದ ಹೊರರಾಜ್ಯ ನೋಂದಣಿಯ ಫೆರಾರಿ, ಪೋರ್ಷೆ ಸೇರಿದಂತೆ 30 ಐಷಾರಾಮಿ ಕಾರುಗಳನ್ನು ವಶಕ್ಕೆ ಪಡೆಯಿತು. ಅದೇ ವರ್ಷ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದು ಫೆರಾರಿಯ ಮಾಲೀಕರು ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಮತ್ತು ದಂಡ ಕಟ್ಟಬೇಕಾಯಿತು.

ಹಳೆಯ ಕಾರಿಗೆ ವಯಸ್ಸಿಗೆ ತಕ್ಕಂತೆ ತೆರಿಗೆ ಇಳಿಯುತ್ತದೆ. ಹಾಗಿದ್ದರೂ ಸ್ಪೋರ್ಟ್ಸ್ ಕಾರಿನ ಮೂಲ ಬೆಲೆ ದೊಡ್ಡದಾದ್ದರಿಂದ ಉಳಿಯುವ ಮೊತ್ತವೂ ದೊಡ್ಡದೇ. ಖರೀದಿಗೆ ಮುನ್ನ ಹೊಸಪೇಟೆಯ ಸಾರಿಗೆ ಕಚೇರಿಯಲ್ಲಿ ಕಾರಿನ ಮೂಲ ಬೆಲೆ ಮತ್ತು ನೋಂದಣಿ ದಿನಾಂಕ ತೋರಿಸಿ, ಕಟ್ಟಬೇಕಾದ ತೆರಿಗೆಯನ್ನು ಲೆಕ್ಕ ಹಾಕಿಸಿಕೊಳ್ಳಬೇಕು. ಆ ಮೊತ್ತವನ್ನು ಕಾರಿನ ಬೆಲೆಗೆ ಸೇರಿಸಿದಾಗ 'ಅಗ್ಗ' ಎನಿಸಿದ ಕಾರು ಸ್ಥಳೀಯ ನೋಂದಣಿಯ ಕಾರಿಗಿಂತ ದುಬಾರಿಯಾಗಬಹುದು. ಮೂಲ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ ನಮೂನೆ 28, ಇಲ್ಲದೆ ಇಲ್ಲಿ ಮರುನೋಂದಣಿ ಆಗುವುದಿಲ್ಲ.

ಹದಿನೈದು ವರ್ಷ ದಾಟಿದ ಕಾರಿಗೆ ಇನ್ನೊಂದು ವೆಚ್ಚವಿದೆ. ಆಮದು ಮಾಡಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40 ಸಾವಿರ ರೂಪಾಯಿಗೆ ಏರಿಸಲಾಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಇಂಥ ಕಾರುಗಳಿಗೆ 80 ಸಾವಿರ ರೂಪಾಯಿ ನಿಗದಿಯಾಯಿತು. ಗಣಿ ಕಾಲದ ಕಾರು ಕೊಳ್ಳುವವರು ನವೀಕರಣ ಆಗಿದೆಯೇ ಎಂದು ಮೊದಲು ನೋಡಬೇಕು.

ಆಮದಿನ ದಾಖಲೆ, ಜಪ್ತಿಯ ನೆರಳು

ವಿದೇಶದಿಂದ ಇಡಿಯಾಗಿ ತರಿಸಿದ ಕಾರಿಗೆ ನಮ್ಮಲ್ಲಿ ದೀರ್ಘಕಾಲದಿಂದ ಶೇ 100ಕ್ಕೂ ಮಿಗಿಲಾದ ಸುಂಕ ಇದ್ದುದರಿಂದ ಅದನ್ನು ವಂಚಿಸುವ ಪ್ರಯತ್ನಗಳೂ ನಡೆದಿವೆ. 2013ರಲ್ಲಿ ಚೆನ್ನೈಯಲ್ಲಿ ಸುಂಕ ವಂಚಿಸಿ ತಂದ ಕಾರುಗಳ ಬಗ್ಗೆ ಸಿಬಿಐ ಶೋಧ ನಡೆಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್ಖೋರ್' ಹೆಸರಿನಲ್ಲಿ, ಭೂತಾನ್ ಮೂಲಕ ಅಕ್ರಮವಾಗಿ ತಂದವೆಂದು ಹೇಳಲಾದ ಹತ್ತಾರು ವಾಹನಗಳನ್ನು ವಶಪಡಿಸಿಕೊಂಡರು. ಚಿತ್ರನಟರ ಮನೆಗಳಲ್ಲೂ ಶೋಧ ನಡೆಯಿತು. ಇಂಥ ಪ್ರಕರಣದಲ್ಲಿ ಮೂರನೇ ಅಥವಾ ನಾಲ್ಕನೇ ಮಾಲೀಕರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಮೊದಲು ಕಾರು ಕಳೆದುಕೊಳ್ಳುವವರು ಅವರೇ.

ಅಧಿಕೃತ ಷೋರೂಂ ಮೂಲಕ ಮಾರಾಟವಾದ ಕಾರಾದರೆ ಮೊದಲ ಖರೀದಿಯ ಬಿಲ್ ಕೇಳಬೇಕು. ಖಾಸಗಿಯಾಗಿ ತರಿಸಿದ್ದಾದರೆ ಬಂದರಿನ ಕಸ್ಟಮ್ಸ್ ದಾಖಲೆಯಾದ 'ಬಿಲ್ ಆಫ್ ಎಂಟ್ರಿ' ಮತ್ತು ಸುಂಕ ಕಟ್ಟಿದ ರಸೀದಿ ಕೇಳಬೇಕು. ಆ ಕಾಗದಗಳಲ್ಲಿರುವ ಚಾಸಿ ಸಂಖ್ಯೆ ಕಾರಿನ ಸಂಖ್ಯೆಯೊಂದಿಗೆ ಹೊಂದಬೇಕು.

ಈ ಭಾಗದಲ್ಲಿ ಇನ್ನೂ ಒಂದು ವಿಚಾರ ಮುಖ್ಯ. ಅಕ್ರಮ ಗಣಿಗಾರಿಕೆ ಪ್ರಕರಣಗಳಲ್ಲಿ ಸಿಬಿಐ, ಜಾರಿ ನಿರ್ದೇಶನಾಲಯ ಮತ್ತು ಆದಾಯ ತೆರಿಗೆ ಇಲಾಖೆಗಳು ವರ್ಷಗಟ್ಟಲೆ ತನಿಖೆ ನಡೆಸಿವೆ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಆಸ್ತಿಯನ್ನು ಮೊದಲು 180 ದಿನಗಳವರೆಗೆ ತಾತ್ಕಾಲಿಕವಾಗಿ ಮುಟ್ಟುಗೋಲು ಹಾಕಿಕೊಳ್ಳಬಹುದು. ನಂತರ ಪ್ರಾಧಿಕಾರ ಅದನ್ನು ಖಾಯಂಗೊಳಿಸಬಹುದು. ಮುಟ್ಟುಗೋಲಾದ ಕಾರನ್ನು ಮಾಲೀಕರು ಮಾರುವಂತಿಲ್ಲ. ಹಿಂದಿನ ಮಾಲೀಕರು ಕಂಪೆನಿಯೊಂದರ ಹೆಸರಾಗಿದ್ದರೆ ಆ ಕಂಪೆನಿಯ ಮೇಲಿನ ಮೊಕದ್ದಮೆ, ತೆರಿಗೆ ಬಾಕಿಗಳನ್ನು ವಕೀಲರ ಮೂಲಕ ವಿಚಾರಿಸುವುದು ಒಳಿತು. ಕಾರಿನ ಬೆಲೆಯ ಮುಂದೆ ವಕೀಲರ ಶುಲ್ಕ ಸಣ್ಣದು.

ಕೆಂಧೂಳು ಮತ್ತು ನೀರಿನ ಸಾಕ್ಷ್ಯ

ಕಾಗದ ಸರಿಯಿದ್ದರೆ ಕಾರಿನ ಬಳಿಗೆ ಹೋಗಬಹುದು. ಬಳ್ಳಾರಿ, ಸಂಡೂರು ಭಾಗದ ಅದಿರಿನ ಧೂಳು ಕೆಂಪು, ನಯ ಮತ್ತು ಉಜ್ಜುವ ಗುಣದ್ದು. ಎಷ್ಟೇ ತೊಳೆದರೂ ಆಸನದ ಹಳಿ, ನೆಲಹಾಸಿನ ಅಡಿ, ಬಾಗಿಲಿನ ರಬ್ಬರ್ ಸಂದು, ಹವಾನಿಯಂತ್ರಕದ ಫಿಲ್ಟರ್, ಮಡಚುವ ಛಾವಣಿಯ ಕೀಲುಗಳಲ್ಲಿ ಅದು ಉಳಿಯುತ್ತದೆ. ಕೆಂಧೂಳು ಕಂಡ ಮಾತ್ರಕ್ಕೆ ಕಾರು ಕೆಟ್ಟದ್ದಲ್ಲ. ಆದರೆ 'ಬೆಂಗಳೂರಿನಲ್ಲಿ ಗ್ಯಾರೇಜಿನಲ್ಲೇ ಇದ್ದ ಕಾರು' ಎಂದು ಹೇಳಿದ ಕಾರಿನ ಆಸನದಡಿ ಕೆಂಧೂಳು ತುಂಬಿದ್ದರೆ, ಉಳಿದ ಮಾತುಗಳನ್ನೂ ಮತ್ತೊಮ್ಮೆ ತೂಗಿ ನೋಡಬೇಕು.

ನೀರಿನಲ್ಲಿ ಮುಳುಗಿದ ಕಾರಿನ ಗುರುತು ಬೇರೆ. ಗಾಳಿಯ ಧೂಳು ಮೇಲ್ಮುಖವಾದ ಜಾಗಗಳಲ್ಲಿ ಕೂರುತ್ತದೆ. ನೀರಿನ ಹೂಳು ಒಂದೇ ಎತ್ತರದಲ್ಲಿ ಗೆರೆ ಬಿಡುತ್ತದೆ, ಮುಚ್ಚಿದ ಜಾಗಗಳಿಗೂ ನುಗ್ಗುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕಲೆ ನೋಡಿ. ದೀಪಗಳ ಒಳಗೆ ಮಂಜು, ಆಸನದ ಬೋಲ್ಟ್‌ಗಳಲ್ಲಿ ತುಕ್ಕು, ವೈರಿನ ಜೋಡಣೆಗಳಲ್ಲಿ ಹಸಿರು ಪುಡಿ ಇದೆಯೇ ಪರೀಕ್ಷಿಸಿ. ತುಂಗಭದ್ರೆ ತುಂಬಿ ಹರಿದಾಗ ಕಂಪ್ಲಿಯ ಸೇತುವೆ ಮುಳುಗುವುದನ್ನು ಈ ಭಾಗದವರು ಬಲ್ಲರು. ಆದರೆ ಸ್ಪೋರ್ಟ್ಸ್ ಕಾರುಗಳಿಗೆ ದೊಡ್ಡ ಗಂಡಾಂತರ ಮಹಾನಗರಗಳ ನೆಲಮಹಡಿಗಳಲ್ಲಿದೆ. 2015ರ ಚೆನ್ನೈ ಪ್ರವಾಹ ಮತ್ತು 2022ರ ಸೆಪ್ಟೆಂಬರ್‌ನ ಬೆಂಗಳೂರು ಮಳೆಯಲ್ಲಿ ದುಬಾರಿ ಕಾರುಗಳು ನಿಂತಲ್ಲೇ ಮುಳುಗಿದ್ದವು. ಆ ನಗರಗಳಿಂದ ಬಂದ ಕಾರಾದರೆ ಆ ಅವಧಿಯ ವಿಮಾ ಪರಿಹಾರದ ದಾಖಲೆ ಕೇಳಬೇಕು.

ಬಣ್ಣದ ಪದರದ ದಪ್ಪ ಅಳೆಯುವ ಉಪಕರಣ ಅಪಘಾತದ ಗುಟ್ಟು ಹೇಳುತ್ತದೆ. ಅಯಸ್ಕಾಂತದಿಂದ ಪುಟ್ಟಿ ಹುಡುಕುವ ಹಳೆಯ ಉಪಾಯ ಇಲ್ಲಿ ಸಾಲದು. ಆಡಿ ಆರ್8ರ ದೇಹ ಅಲ್ಯೂಮಿನಿಯಂನದು. ಎರಡನೇ ಪೀಳಿಗೆಯ ಆಡಿ ಟಿಟಿಯಲ್ಲಿ ಮುಂಭಾಗ ಅಲ್ಯೂಮಿನಿಯಂ, ಹಿಂಭಾಗ ಉಕ್ಕು. ಅಯಸ್ಕಾಂತ ಅಂಟಲಿಲ್ಲವೆಂದು ಅಲ್ಲಿ ಪುಟ್ಟಿ ಇದೆ ಎನ್ನಲಾಗದು. ಅಲ್ಯೂಮಿನಿಯಂ ಮೇಲೂ ಕೆಲಸ ಮಾಡುವ ಉಪಕರಣ ಬೇಕು.

ಎಂಜಿನ್, ಗೇರ್, ಬ್ರೇಕ್

ಕಾರನ್ನು ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ನೋಡಬೇಕು. ಹೋಗುವ ಮೊದಲೇ ಚಾಲೂ ಮಾಡಿಟ್ಟಿದ್ದರೆ ಅದಕ್ಕೊಂದು ಕಾರಣವಿರುತ್ತದೆ. ಮೊದಲ ಕ್ಷಣದ ನೀಲಿ ಹೊಗೆ ಆಯಿಲ್ ಉರಿಯುತ್ತಿರುವುದನ್ನೂ, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕೂಲಂಟ್ ಒಳಸೇರುತ್ತಿರುವುದನ್ನೂ ಸೂಚಿಸಬಹುದು. ಬಳಿಕ ಎ.ಸಿ. ಹಾಕಿ ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿ ಉಷ್ಣತೆಯ ಮುಳ್ಳು ನೋಡಬೇಕು. ಬಳ್ಳಾರಿ ಸೀಮೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ; ತಂಪು ವ್ಯವಸ್ಥೆಯಲ್ಲಿ ದೋಷವಿದ್ದರೆ ಏಪ್ರಿಲ್‌ನಲ್ಲಿ ಬಯಲಾಗುತ್ತದೆ.

ಪೋರ್ಷೆ ಬಾಕ್ಸ್‌ಸ್ಟರ್, ಕೇಮನ್ ಕಾರುಗಳಲ್ಲಿ ಎಂಜಿನ್ ಆಸನಗಳ ಹಿಂದಿರುತ್ತದೆ, ರೇಡಿಯೇಟರ್‌ಗಳು ಮುಂದಿನ ಚಕ್ರಗಳ ಎದುರಿರುತ್ತವೆ. ಮುಂಭಾಗದ ಗಾಳಿಕಿಂಡಿಗಳಲ್ಲಿ ಎಲೆ, ಕಲ್ಲು, ಧೂಳು ಸೇರಿ ಅವು ಕೊರೆದುಹೋಗುತ್ತವೆ. 2008ಕ್ಕೆ ಮುಂಚಿನ ಬಾಕ್ಸ್‌ಸ್ಟರ್ ಮತ್ತು ಸಾಮಾನ್ಯ 911 ಮಾದರಿಗಳಲ್ಲಿ ಎಂಜಿನ್ ಒಳಗಿನ ಮಧ್ಯಂತರ ಷಾಫ್ಟ್‌ನ ಬೇರಿಂಗ್ ದುರ್ಬಲವೆಂಬುದು ಜಗತ್ತಿನಾದ್ಯಂತ ಪರಿಚಿತ. ಅದು ಮುರಿದರೆ ಎಂಜಿನ್ನೇ ಹೋಗುತ್ತದೆ. 2009ರ ಮಾದರಿಗಳಿಗೆ ಬಂದ ಹೊಸ ಎಂಜಿನ್‌ನಲ್ಲಿ ಆ ಭಾಗವೇ ಇಲ್ಲ. ಹಳೆಯದನ್ನು ಕೊಳ್ಳುವುದಾದರೆ ಬೇರಿಂಗ್ ಬದಲಿಸಿದ ದಾಖಲೆ ಕೇಳಬೇಕು, ಆಯಿಲ್ ಫಿಲ್ಟರ್ ಬಿಚ್ಚಿಸಿ ಲೋಹದ ಚೂರು ಇದೆಯೇ ನೋಡಬೇಕು.

ಬಿಎಂಡಬ್ಲ್ಯು ಝಡ್4ನಂಥ ಮಡಚುವ ಛಾವಣಿಯ ಕಾರುಗಳಲ್ಲಿ ಛಾವಣಿಯನ್ನು ಕನಿಷ್ಠ ಮೂರು ಬಾರಿ ತೆರೆದು ಮುಚ್ಚಿ ನೋಡಬೇಕು. ನೀರು ಹರಿದುಹೋಗುವ ಕಿಂಡಿಗಳು ಧೂಳಿನಿಂದ ಕಟ್ಟಿಕೊಂಡರೆ ಮಳೆಗಾಲದಲ್ಲಿ ನೀರು ವಿದ್ಯುತ್ ಉಪಕರಣಗಳತ್ತ ಹೋಗುತ್ತದೆ. ಜೋಡಿ ಕ್ಲಚ್‌ನ ಗೇರ್ ಇರುವ ಕಾರುಗಳನ್ನು ಏರಿನಲ್ಲಿ ನಿಲ್ಲಿಸಿ ನಿಧಾನವಾಗಿ ಮುಂದಕ್ಕೆ ಬಿಡಬೇಕು. ನಡುಕ, ಎಳೆತ ಕಂಡರೆ ಕ್ಲಚ್ ಸವೆದಿದೆ ಅಥವಾ ಗೇರ್ ನಿಯಂತ್ರಕದಲ್ಲಿ ದೋಷವಿದೆ.

ಓಡಿದ ಕಿಲೋಮೀಟರ್ ಸುಳ್ಳಾಗಬಹುದು. ಪೋರ್ಷೆಯಂಥ ಕಾರುಗಳ ಎಂಜಿನ್ ಕಂಪ್ಯೂಟರ್ ಎಷ್ಟು ಗಂಟೆ ಓಡಿದೆ, ಮಿತಿಮೀರಿದ ವೇಗದಲ್ಲಿ ಎಂಜಿನ್ ಎಷ್ಟು ಬಾರಿ ತಿರುಗಿದೆ ಎಂಬುದನ್ನೂ ದಾಖಲಿಸುತ್ತದೆ. ಕಿಲೋಮೀಟರನ್ನು ಗಂಟೆಗಳಿಂದ ಭಾಗಿಸಿದಾಗ ಬರುವ ಸರಾಸರಿ ವೇಗ ನಂಬಲಾಗದಷ್ಟು ಕಡಿಮೆಯಿದ್ದರೆ ಮೀಟರ್ ತಿರುಗಿಸಿರುವ ಸಾಧ್ಯತೆ ಇದೆ.

ಟೈರಿನ ಅಂಚಿನ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೇ ವಾರ. ಕಡಿಮೆ ಓಡಿದ ಕಾರಿನ ಟೈರ್ ಹೊಸದರಂತೆ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ. ಆರು ವರ್ಷ ದಾಟಿದ ಟೈರುಗಳಲ್ಲಿ ಸ್ಪೋರ್ಟ್ಸ್ ಕಾರನ್ನು ವೇಗವಾಗಿ ಓಡಿಸುವುದು ಜೀವಕ್ಕೇ ಅಪಾಯ. ಇಂಧನ ಮುಚ್ಚಳದ ಮೇಲಿನ ಆಕ್ಟೇನ್ ಸಂಖ್ಯೆಯನ್ನೂ ನೋಡಿ, ಅಂಥ ಪೆಟ್ರೋಲ್ ಊರಿನಲ್ಲಿ ಸಿಗುತ್ತದೆಯೇ ವಿಚಾರಿಸಬೇಕು. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ 2025ರ ವೇಳೆಗೆ ದೇಶದಾದ್ಯಂತ ಬಂದಿದೆ. ಹಳೆಯ ಕಾರಿನ ಇಂಧನ ಕೊಳವೆ, ರಬ್ಬರ್ ಭಾಗಗಳು ಅದಕ್ಕೆಂದು ಮಾಡಿದವಲ್ಲ.

ಊರಿನ ರಸ್ತೆ, ದೂರದ ಗ್ಯಾರೇಜ್

ಪರೀಕ್ಷಾ ಚಾಲನೆ ನುಣುಪಾದ ಹೆದ್ದಾರಿಯಲ್ಲಿ ಮಾತ್ರ ಮುಗಿಯಬಾರದು. ಹೊಸಪೇಟೆಯಿಂದ ಕಮಲಾಪುರ, ಹಂಪಿಯ ಕಡೆಗೆ ಹೋಗಿ, ಊರೊಳಗಿನ ಹಂಪ್‌ಗಳನ್ನು ದಾಟಿಸಿ ನೋಡಿ. ತಳ ಎಲ್ಲಿ ತಾಗುತ್ತದೆ ಎಂಬುದು ಕೊಂಡ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯಲಿ. ಹಿಂದಿನ ಮಾಲೀಕರು ತಾಗಿಸಿದ್ದರೆ ಅದರ ಗುರುತು ಕಾರನ್ನು ಲಿಫ್ಟ್ ಮೇಲೆ ಎತ್ತಿದಾಗ ಕಾಣುತ್ತದೆ. ಲಿಫ್ಟ್ ಮೇಲೆ ಎತ್ತದೆ ಸ್ಪೋರ್ಟ್ಸ್ ಕಾರು ಕೊಳ್ಳಲೇಬಾರದು.

ಹೊಸಪೇಟೆಯಿಂದ ಬೆಂಗಳೂರಿಗೆ ಸುಮಾರು 340 ಕಿ.ಮೀ. ಪೋರ್ಷೆಯ ಅಧಿಕೃತ ಕೇಂದ್ರ ಇರುವುದು ಅಲ್ಲಿ. ಕೆಟ್ಟು ನಿಂತರೆ ಇಂಥ ಕಾರನ್ನು ಹಗ್ಗ ಕಟ್ಟಿ ಎಳೆಯುವಂತಿಲ್ಲ, ಲಾರಿಯ ಮೇಲೆ ಏರಿಸಿ ಸಾಗಿಸಬೇಕು. ಕಂಪೆನಿಯೇ ಮಾರುಕಟ್ಟೆಯಿಂದ ಹಿಂದೆ ಸರಿದ ಮಾದರಿಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಮಸ್ಟಾಂಗ್ ತಂದ ಫೋರ್ಡ್ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ 2021ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ನಿಸಾನ್ 370ಝಡ್ ಕೂಡ ಈಗ ಇಲ್ಲಿ ಹೊಸದಾಗಿ ಸಿಗದು. ಬಿಡಿಭಾಗಕ್ಕೆ ಎಷ್ಟು ದಿನ, ಎಷ್ಟು ಹಣ ಎಂಬುದನ್ನು ಕೊಳ್ಳುವ ಮೊದಲೇ ಸೇವಾ ಕೇಂದ್ರದಲ್ಲಿ ಕೇಳಿ ಬರೆದುಕೊಳ್ಳಬೇಕು. ಕೈಯಲ್ಲಿರುವ ಹಣದ ಕನಿಷ್ಠ ಐದನೇ ಒಂದು ಭಾಗವನ್ನು ಮೊದಲ ವರ್ಷದ ದುರಸ್ತಿಗೆ ಎತ್ತಿಟ್ಟು, ಉಳಿದುದರಲ್ಲಿ ಕಾರು ಹುಡುಕುವುದು ಸುರಕ್ಷಿತ.

ಹಣ ಮತ್ತು ಹೆಸರು ಬದಲಾವಣೆ

ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರಿಂದ ನಿಷೇಧಿಸಿದೆ. ಬ್ಯಾಂಕ್ ಮೂಲಕವೇ, ಆರ್.ಸಿ.ಯಲ್ಲಿ ಹೆಸರಿರುವವರ ಖಾತೆಗೇ ಹಣ ಹೋಗಬೇಕು. ಮಧ್ಯವರ್ತಿ ಅಂಗಡಿಯಾದರೆ, 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ ಸಾರಿಗೆ ಕಚೇರಿಯಿಂದ ಪಡೆದ ಅಧಿಕೃತ ಮಾರಾಟಗಾರರ ಪ್ರಮಾಣಪತ್ರ ಇದೆಯೇ ಎಂದು ಕೇಳಿ.

ನಮೂನೆ 29 ಮತ್ತು 30ಕ್ಕೆ ಇಬ್ಬರೂ ಎದುರುಬದುರು ಕುಳಿತೇ ಸಹಿ ಹಾಕಬೇಕು. ಖಾಲಿ ನಮೂನೆಗೆ ಸಹಿ ಹಾಕಿಸಿಕೊಂಡು ವರ್ಷಗಟ್ಟಲೆ ಹೆಸರು ಬದಲಿಸದೆ ಓಡಿಸುವುದು ಇಬ್ಬರಿಗೂ ಕುತ್ತು. ಅಪಘಾತದ ಸಮಯದಲ್ಲಿ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರನ್ನೇ ಮಾಲೀಕರೆಂದು ಪರಿಗಣಿಸಿ ಪರಿಹಾರಕ್ಕೆ ಹೊಣೆ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿದೆ. ಅಂದರೆ ಮಾರಿ ಮರೆತವರ ಮನೆಗೂ ನೋಟಿಸ್ ಬರಬಹುದು.

ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ಬದಲಿಸಲು ಖರೀದಿದಾರರು ಅರ್ಜಿ ಸಲ್ಲಿಸಬೇಕು. ಪರಿಹಾರ ಪಡೆಯದಿದ್ದುದಕ್ಕೆ ಸಿಗುವ ರಿಯಾಯಿತಿ ಹಿಂದಿನ ಮಾಲೀಕರದ್ದು, ಅದು ಕಾರಿನ ಜೊತೆ ಬರುವುದಿಲ್ಲ. ಹಳೆಯ ವಿದೇಶಿ ಕಾರಿಗೆ ಪೂರ್ಣ ವಿಮೆ ಕೊಡಲು ಕಂಪೆನಿ ಒಪ್ಪುತ್ತದೆಯೇ, ಎಷ್ಟು ಮೌಲ್ಯಕ್ಕೆ ಎಂಬುದನ್ನೂ ಮುಂಗಡಕ್ಕೆ ಮುನ್ನವೇ ಲಿಖಿತವಾಗಿ ಕೇಳಬೇಕು.

ಇಷ್ಟೆಲ್ಲ ಪರಿಶೀಲನೆಗೆ ಒಂದೆರಡು ವಾರ ಬೇಕಾಗುತ್ತದೆ. 'ಬೇರೆ ಗಿರಾಕಿ ಕಾಯುತ್ತಿದ್ದಾರೆ, ಇವತ್ತೇ ತೀರ್ಮಾನಿಸಿ' ಎಂದು ಮಾರುವವರು ಅವಸರಪಡಿಸಿದರೆ ಆ ಗಿರಾಕಿಗೇ ಬಿಟ್ಟುಕೊಡುವುದು ಜಾಣತನ. ದಾಖಲೆಗಳನ್ನು ತೋರಿಸಲು, ಕಾರನ್ನು ಲಿಫ್ಟ್ ಮೇಲೆ ಏರಿಸಲು, ಸಾರಿಗೆ ಕಚೇರಿಗೆ ಜೊತೆಯಲ್ಲಿ ಬರಲು ಒಪ್ಪುವ ಮಾಲೀಕರು ಸಿಕ್ಕರೆ, ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.